ಕೈ ಹಿಡಿಯುವ ಮೊದಲಿನ ಹದಿನೈದು ದಿನ

ಕೋಲಾರದ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ, ಅಂದರೆ ಚರ್ಚುಗಳ, ಆರಾಧನೆಯಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ, ಸಮಾಧಾನ ಕೊಡುವ ಒಂದು ಗಳಿಗೆ ಬರುತ್ತದೆ. ಒಬ್ಬರ ಬಲ ಅಂಗೈ ಇನ್ನೊಬ್ಬರ ಬಲ ಅಂಗೈಗೆ ತಾಗಬೇಕು, ಆಮೇಲೆ ಇಬ್ಬರ ಎಡಗೈಯೂ ಎದುರಿನವರ ಬಲಗೈಯನ್ನು ಮುಚ್ಚಬೇಕು. 1950ರ ಆರಾಧನಾ ಕ್ರಮ ಹೇಳಿದ್ದು ಹೀಗೆ. ಅದು ಕಾಣಿಕೆಗಿಂತ ಮುಂಚೆ ಬರುವುದಕ್ಕೆ ಕಾರಣವೂ ಇದೆ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಒಂದಾಗು ಎನ್ನುತ್ತದೆ ಬೈಬಲಿನ ಮತ್ತಾಯ 5:23-24. ಆದರೆ ನಾವು ಕೈ ಹಿಡಿಯುವುದು ಪಕ್ಕದಲ್ಲಿ ಕೂತವರದ್ದು. ಮಾತು ಬಿಟ್ಟವರು ಆಚೆ ಸಾಲಿನಲ್ಲಿರುತ್ತಾರೆ.

ನಾನಿರುವ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಆಮಿಷ್ ಜನ, ಹಳೆಯ ಕಾಲದ ಸರಳ ಬದುಕನ್ನೇ ಉಳಿಸಿಕೊಂಡ ಕ್ರೈಸ್ತ ಪಂಗಡದವರು, ವರ್ಷಕ್ಕೆ ಎರಡೇ ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಭೋಜನಕ್ಕೆ ಕೂಡುತ್ತಾರೆ. ಅದಕ್ಕೆ ಎರಡು ವಾರ ಮುಂಚೆಯೇ ಎಲ್ಲರೂ ಒಮ್ಮೆ ಸೇರುತ್ತಾರೆ. ದೇವರೊಂದಿಗೂ ಸಭೆಯೊಂದಿಗೂ ಸಮಾಧಾನದಿಂದ ಇದ್ದೀರಾ ಎಂದು ಅಲ್ಲಿ ಸದಸ್ಯರನ್ನು ಕೇಳುತ್ತಾರೆ. ದೊಡ್ಡ ಜಗಳ ಬಗೆಹರಿಯದೆ ಉಳಿದರೆ ಭೋಜನವನ್ನೇ ಮುಂದಕ್ಕೆ ಹಾಕುತ್ತಾರೆ. ನಾವು ಒಂದು ನಿಮಿಷದಲ್ಲಿ ಮುಗಿಸುವುದಕ್ಕೆ ಅವರು ಹದಿನೈದು ದಿನ ಕೊಡುತ್ತಾರೆ. ನಮ್ಮಲ್ಲಿ ಇಲ್ಲದಿರುವುದು ಆ ಬಿಡುವೇ ಎಂಬುದು ನನ್ನ ಅನಿಸಿಕೆ.

ಅವರದೆಲ್ಲ ಚೆಂದ ಎಂದೇನೂ ಹೇಳುತ್ತಿಲ್ಲ. ಸಭೆಯಿಂದ ಹೊರಗೆ ಹಾಕಿದವರಿಗೆ ಮನೆಯಲ್ಲೇ ಬೇರೆ ಮೇಜಿನಲ್ಲಿ ಊಟ ಬಡಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನಮ್ಮೂರಲ್ಲಿ ಮಾತು ಬಿಟ್ಟವರೂ ಸಾವಿನ ಮನೆಗೆ ಬಂದು ಹೆಣಕ್ಕೆ ಹೆಗಲು ಕೊಡುತ್ತಾರೆ. ಅದನ್ನು ಕಳೆದುಕೊಳ್ಳಬಾರದು.

ನಮ್ಮ ತೊಂದರೆ ಮೆಟ್ಟಿಲುಗಳ ಕ್ರಮದಲ್ಲಿದೆ. ಮತ್ತಾಯ 18:15-17ರ ಪ್ರಕಾರ ಮೊದಲು ಇಬ್ಬರೇ ಕೂತು ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಕೊನೆಗೆ ಸಭೆಗೆ ತಿಳಿಸಬೇಕು. ನಮ್ಮಲ್ಲಿ ಇದು ತಲೆಕೆಳಗು. ಮೊದಲು ವಾಟ್ಸಾಪ್ ಗುಂಪಿಗೆ, ಆಮೇಲೆ ಹಿರಿಯರ ಮನೆಗೆ, ಅಲ್ಲಿಂದ ಸಭೆಯ ಪಾಸ್ಟರ್ ಅಯ್ಯನವರಿಗೆ. ತಪ್ಪು ಮಾಡಿದವರ ಕಿವಿಗೆ ಬೀಳುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿರುತ್ತದೆ. ಆಗ ಅವರಿಗೆ ತಪ್ಪೊಪ್ಪುವುದಕ್ಕಿಂತ ಮಾನ ಉಳಿಸಿಕೊಳ್ಳುವುದೇ ದೊಡ್ಡದಾಗುತ್ತದೆ. ಹಿರಿಯರನ್ನು ಕರೆಯುವುದು ತಪ್ಪಲ್ಲ. ಫಿಲಿಪ್ಪಿ ಸಭೆಯ ಇಬ್ಬರು ಹೆಂಗಸರು, ಯುವೊದ್ಯ, ಸಂತುಕೆಯರು ಒಂದಾಗಲೆಂದು ಅಪೊಸ್ತಲ ಪೌಲನೂ ಮೂರನೆಯವರ ಸಹಾಯ ಕೇಳಿದ್ದಾನೆ (ಫಿಲಿಪ್ಪಿ 4:2-3). ಹಿರಿಯರ ಸರದಿ ಎರಡನೆಯದು, ಅಷ್ಟೇ.

ಇಬ್ಬರೇ ಕೂತಾಗ ಮಾತು ಹೇಗಿರಬೇಕು? ಸುಗ್ಗಿ ಹಬ್ಬದಲ್ಲಿ ಸಭೆಗೆ ಕಾಣಿಕೆಯಾಗಿ ಬಂದ ಬೆಳೆಯ ಹರಾಜಿನ ಲೆಕ್ಕವನ್ನೇ ತೆಗೆದುಕೊಳ್ಳಿ. "ನೀವು ಯಾವಾಗ್ಲೂ ಹಿಂಗೇ, ಸಭೆ ದುಡ್ಡು ತಿಂತೀರ" ಎಂದರೆ ಮಾತು ಅಲ್ಲಿಗೇ ಮುಗಿಯಿತು. "ಅಣ್ಣಾ, ಹರಾಜಿನ ಪಟ್ಟಿಯಲ್ಲಿ ಎರಡು ಕುಂಬಳಕಾಯಿ ಇತ್ತು, ರಸೀದಿ ಒಂದಕ್ಕೇ ಇದೆ. ಇನ್ನೊಂದು ಏನಾಯ್ತು ಅಂತ ನನಗೆ ತಿಳೀಲಿಲ್ಲ" ಎಂದರೆ ಉತ್ತರಕ್ಕೆ ಜಾಗವಿರುತ್ತದೆ. ಒಂದು ದಿನದ, ಒಂದೇ ವಿಷಯದ, ಕಣ್ಣಾರೆ ಕಂಡಷ್ಟನ್ನೇ ಹೇಳಬೇಕು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿ, ಸರಿಯಾಗಿ ಹಿಡಿದೆನಾ ಎಂದು ಕೇಳಿ, ಆಮೇಲೆ ಉತ್ತರ ಕೊಡಬೇಕು. ಇದನ್ನೆಲ್ಲ ಬರೆದು ಕಳಿಸಬಾರದು, ಬರೆದ ಮಾತು ಮುಖ ಕಾಣದೆ ಎರಡರಷ್ಟು ಗಟ್ಟಿಯಾಗಿ ಕೇಳಿಸುತ್ತದೆ.

"ಹೋಗ್ಲಿ ಬುಡು" ಎಂದು ನುಂಗುವುದು ಕ್ಷಮೆಯಲ್ಲ. ನುಂಗಿದ್ದು ಮುಂದಿನ ಸಮಿತಿ ಚುನಾವಣೆಯಲ್ಲಿ ಹೊರಗೆ ಬರುತ್ತದೆ.

ಒಂದು ಕಡೆ ಮಾತ್ರ ಈ ಮೆಟ್ಟಿಲು ಸಲ್ಲದು. ಹೊಡೆತ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಅಪರಾಧ ಇದ್ದಲ್ಲಿ ನೊಂದವರನ್ನು ಒಬ್ಬರೇ ಹೋಗಿ ಮಾತಾಡಿ ಎಂದು ಕಳಿಸುವುದು ಪಾಪ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಅಂಥ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಎಂಬ 1 ಕೊರಿಂಥ 6ನ್ನು ಇಂಥದ್ದಕ್ಕೆ ಹೊದಿಕೆ ಮಾಡಬಾರದು.

ಒಟ್ಟಿಗೆ ಸುವಾರ್ತೆ ಸಾರುತ್ತಿದ್ದ ಪೌಲ, ಬಾರ್ನಬರೂ ಮಾರ್ಕನನ್ನು ಜೊತೆಗೆ ಕರೆದುಕೊಂಡು ಹೋಗುವ ವಿಷಯಕ್ಕೆ ಜಗಳವಾಗಿ ಬೇರೆಬೇರೆ ದಾರಿ ಹಿಡಿದರು. ಎಲ್ಲ ಜಗಳವೂ ಹದಿನೈದು ದಿನಕ್ಕೆ ಬಗೆಹರಿಯಬೇಕೆಂದಿಲ್ಲ. ಮೊದಲ ಹೆಜ್ಜೆಯಾದರೂ ಇಟ್ಟಿರಬೇಕು.

ತಿಂಗಳ ಮೊದಲ ಭಾನುವಾರ ಭೋಜನವಿದ್ದರೆ, ಎರಡು ವಾರ ಮುಂಚಿನ ಭಾನುವಾರವೇ ಪ್ರಕಟಣೆ ಕೊಡಲಿ: ಯಾರ ಮನೆಗೆ ಹೋಗಬೇಕೋ ಹೋಗಿ ಬನ್ನಿ ಎಂದು. ಸಮಾಧಾನ ಕೊಡುವಾಗ ಕಾಣಿಕೆಯ ಹಾಡನ್ನು ಕೂಡಲೇ ಎತ್ತಬಾರದು. ಹಿಂದಿನ ಸಾಲಿಂದ ಎದ್ದು ಆಚೆ ಸಾಲಿಗೆ ನಡೆದು ಹೋಗುವವರಿಗೆ ಎರಡು ನಿಮಿಷವಾದರೂ ಬೇಕು.