ಹನ್ನೊಂದು ಶಾಲು, ಹದಿನೆಂಟು ನಿಮಿಷ

ಉಪನ್ಯಾಸ ಸಂಜೆ ಆರಕ್ಕೆ ಅಂತಿತ್ತು. ನಾನು ಆರು ಹತ್ತಕ್ಕೆ ಹೋದೆ. ನಮ್ಮ ಧಾರವಾಡದ ಲೆಕ್ಕದಲ್ಲಿ ಇದು ಬೇಗ ಹೋದ ಹಾಗೆಯೇ. ಮೈಕಿನವನು ‘ಹಲೋ ಚೆಕ್’ ಅನ್ನುವುದು ಇನ್ನೂ ಬಾಕಿ ಇರುವ ಹೊತ್ತು. ಪುಣೆಯ ವಿಶ್ವವಿದ್ಯಾಲಯದ ಆ ಸಭಾಂಗಣದ ಬಾಗಿಲು ತೆಗೆದರೆ ಒಳಗೆ ಕತ್ತಲೆ. ಪರದೆ ಮೇಲೆ ಅರಬ್ಬಿ ಸಮುದ್ರ ಆಗಲೇ ಕೆಂಪಗೆ ಕಾಯುತ್ತಿತ್ತು. ನಾಲ್ಕು ಜನರ ಕಾಲು ತುಳಿದು ಒಂದು ಕುರ್ಚಿ ಹಿಡಿದೆ. ಪಕ್ಕದ ಅಜ್ಜ ತಮ್ಮ ಕೈಗಡಿಯಾರವನ್ನು ನನ್ನ ಕಡೆ ತಿರುಗಿಸಿ ಮೆಲ್ಲಗೆ ಅಂದರು: “ಸಹಾ ಮ್ಹಣಜೇ ಸಹಾ.”

ಆರು ಅಂದರೆ ಆರು. ಹನ್ನೆರಡು ವರ್ಷದಿಂದ ಈ ಊರಲ್ಲಿದ್ದೇನೆ. ಆದರೂ ಚುರುಕ್ ಅಂತು.

ಮಾತಾಡುತ್ತಿದ್ದವರು ಒಬ್ಬ ಹವಾಮಾನ ವಿಜ್ಞಾನಿ, ಐವತ್ತರ ಆಸುಪಾಸಿನ ಹೆಂಗಸು. ಮರಾಠಿಯಲ್ಲೇ ಹೇಳುತ್ತಿದ್ದರು. 1901ರಿಂದ 2018ರೊಳಗೆ ನಮ್ಮ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರೊಳಗೆ ಹಿಂದೂ ಮಹಾಸಾಗರದ ಉಷ್ಣವಲಯದ ಭಾಗ ಒಂದು ಡಿಗ್ರಿಯಷ್ಟು ಬೆಚ್ಚಗಾಗಿದೆ. ಅದೇ ಅವಧಿಯಲ್ಲಿ ದೇಶದ ಮುಂಗಾರು ಮಳೆ ಶೇಕಡಾ 6ರಷ್ಟು ಇಳಿದಿದೆ. ಹೆಚ್ಚು ಇಳಿದಿರುವುದು ಗಂಗಾ ಬಯಲಲ್ಲಿ, ಮತ್ತೆ ನಮ್ಮ ಪಶ್ಚಿಮ ಘಟ್ಟದಲ್ಲಿ. ಗಾಳಿ ಒಂದು ಡಿಗ್ರಿ ಕಾದರೆ ಶೇಕಡಾ 7ರಷ್ಟು ಹೆಚ್ಚು ನೀರಿನ ಆವಿ ಹಿಡಿದುಕೊಳ್ಳಬಲ್ಲದು. “ಚೀಲ ದೊಡ್ಡದಾಗಿದೆ. ತುಂಬೋಕೆ ತಡ ಆಗುತ್ತೆ, ಸುರಿಯೋವಾಗ ಪೂರ್ತಿ ಸುರಿಯುತ್ತೆ” ಅಂದರು. ನನಗೆ ಊರಿನ ಶ್ರಾವಣ ನೆನಪಾಯಿತು. ವಾರಗಟ್ಟಲೆ ಜಿಟಿಜಿಟಿ ಹಿಡಿದು, ಅಂಗಿ ಒಣಗದೆ, ಅವ್ವ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದ ಶ್ರಾವಣ. ಈಗ ಊರಿಗೆ ಫೋನು ಮಾಡಿದರೆ ಒಂದೋ ‘ಹನಿ ಇಲ್ಲ’ ಅನ್ನುತ್ತಾರೆ, ಇಲ್ಲಾ ‘ತಾಸಿನ್ಯಾಗ ಓಣಿ ತುಂಬಿತು’ ಅನ್ನುತ್ತಾರೆ.

ಐವತ್ತು ನಿಮಿಷ ಮಾತು, ನಲವತ್ತು ನಿಮಿಷ ಪ್ರಶ್ನೆ. ಒಬ್ಬರು ಪ್ರಶ್ನೆ ಅಂತ ಎದ್ದು ಸ್ವಂತ ಭಾಷಣ ಶುರು ಮಾಡಿದರು. ಮೈಕ್ ಹಿಡಿದಿದ್ದ ಹುಡುಗಿ ಮುಲಾಜಿಲ್ಲದೆ “ಕಾಕಾ, ಪ್ರಶ್ನೆ?” ಅಂದಳು. ಕಾಕಾ ಕೂತರು. ಕೊನೆಗೆ ಭಾಷಣಕಾರರಿಗೆ ಒಂದು ಪುಸ್ತಕ ಕೊಟ್ಟರು, ಅದಕ್ಕೆ ಬಣ್ಣದ ಕಾಗದ ಕೂಡ ಸುತ್ತಿರಲಿಲ್ಲ. ವೇದಿಕೆ ಮೇಲೆ ಇದ್ದದ್ದು ಒಂದು ಮೇಜು, ಒಂದು ಸ್ಟೀಲ್ ಲೋಟ. ಅಷ್ಟೇ.

ಅಲ್ಲಿಂದ ಮನಸ್ಸು ಸೀದಾ ಹಿಂದಿನ ವರ್ಷದ ಜೂನ್ 5ಕ್ಕೆ ಓಡಿತು. ರಜೆ ಮೇಲೆ ಊರಿಗೆ ಹೋಗಿದ್ದೆ. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಪರಿಸರ ದಿನಾಚರಣೆ, ನನ್ನ ಗೆಳೆಯನದೇ ವಿಶೇಷ ಉಪನ್ಯಾಸ. ಅವನು ಸಸ್ಯಶಾಸ್ತ್ರದ ಮೇಷ್ಟ್ರು. ಧಾರವಾಡದ ಸುತ್ತಿನ ಕೆರೆಗಳಿಗೆ ನೀರು ಬರುವ ನಾಲಾಗಳನ್ನು ಹತ್ತು ವರ್ಷ ನಡೆದು ನೋಡಿದವನು. ವೇದಿಕೆ ಮೇಲೆ ಹನ್ನೊಂದು ಕುರ್ಚಿ. ಹಿಂದೆ ಹದಿನೈದು ಅಡಿ ಫ್ಲೆಕ್ಸು, ಅದರಲ್ಲಿ ಭೂಮಿಗಿಂತ ಸಂಸ್ಥೆಯ ಅಧ್ಯಕ್ಷರ ಮುಖ ದೊಡ್ಡದು. ಪ್ರತಿ ಕುರ್ಚಿ ಮುಂದೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ. ನಾಡಗೀತೆ, ಸ್ವಾಗತ, ದೀಪ, ಪ್ರಾಸ್ತಾವಿಕ. ಆಮೇಲೆ ಸನ್ಮಾನ.

ಹನ್ನೊಂದು ಶಾಲಿಗೂ ಹನ್ನೊಂದು ಪ್ಲಾಸ್ಟಿಕ್ ಕವರು. ಒಬ್ಬ ಹುಡುಗ ಮೈಕಿನ ಪಕ್ಕದಲ್ಲೇ ನಿಂತು ಒಂದೊಂದೇ ಬಿಚ್ಚುತ್ತಿದ್ದ. ಆ ಪರಪರ ಸದ್ದು ಸ್ಪೀಕರಿನಲ್ಲಿ ಸಿಡಿಲಿನ ಹಾಗೆ ಕೇಳುತ್ತಿತ್ತು. ಅದರ ನಡುವೆಯೇ ನಿರೂಪಕಿ “ಹಸಿರೇ ಉಸಿರು” ಅನ್ನುತ್ತಿದ್ದಳು. ಫ್ಯಾನಿನ ಗಾಳಿಗೆ ಒಂದು ಕವರು ಹಾರಿ, ಪ್ರಿನ್ಸಿಪಾಲರ ಹೆಗಲು ಸವರಿ, ದೀಪದ ಕಂಬಕ್ಕೆ ಹೋಗಿ ಸಿಕ್ಕಿಕೊಂಡಿತು. ಕರಗಿ ವಾಸನೆ ಬಂದಮೇಲೆ ಯಾರೋ ಕಿತ್ತರು. ಹಣ್ಣಿನ ಬುಟ್ಟಿಗಳಿಗೂ ಪ್ಲಾಸ್ಟಿಕ್ ಹೊದಿಕೆ, ಹೂಗುಚ್ಛಕ್ಕೂ. ಮುಖ್ಯ ಅತಿಥಿಗಳು ಮಾತಾಡಿ “ಬೇರೆ ತುರ್ತು ಕಾರ್ಯಕ್ರಮ ಇರುವುದರಿಂದ” ಎದ್ದರು. ಅವರ ಹಿಂದೆ ಅರ್ಧ ಸಭೆ ಎದ್ದಿತು. ಗೆಳೆಯನಿಗೆ ಸಿಕ್ಕಿದ್ದು ಹದಿನೆಂಟು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಪ್ರೊಜೆಕ್ಟರು ಹತ್ತಲಿಲ್ಲ.

2016ರಿಂದ ಕರ್ನಾಟಕದಲ್ಲಿ ತೆಳು ಪ್ಲಾಸ್ಟಿಕ್ಕು, ಫ್ಲೆಕ್ಸು ಎಲ್ಲಾ ನಿಷೇಧ. 2021ರ ಆಗಸ್ಟಿನಲ್ಲಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶವೇ ಬಂತು. ಅದನ್ನೂ ನಮ್ಮವರು ಪಾಲಿಸಿದರು ಅನ್ನಿ. ಶಾಲು, ಹಾರ, ಬುಟ್ಟಿ, ಜೊತೆಗೆ ಪುಸ್ತಕ!

ಪುಣೆಯವರಿಗೆ ಇದು ಹುಟ್ಟಿನಿಂದ ಬಂದ ಗುಣವೇನೂ ಅಲ್ಲ, ಅಭ್ಯಾಸ. ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆಯವರು 1875ರಲ್ಲಿ ವಸಂತ ವ್ಯಾಖ್ಯಾನಮಾಲೆ ಶುರು ಮಾಡಿದಾಗಿನಿಂದ ಇಲ್ಲಿಯ ಜನ ಬೇಸಿಗೆ ಸಂಜೆ ಭಾಷಣ ಕೇಳುತ್ತಾ ಕೂತಿದ್ದಾರೆ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು. ಶಿವಾಜಿನಗರದ ಆ ಕಟ್ಟಡ ಇವತ್ತಿಗೂ ಜನರ ಬಾಯಲ್ಲಿ ‘ಸಿಮ್ಲಾ ಆಫೀಸ್’. ಮಳೆಯ ಮಾತು ಇಲ್ಲಿ ಮನೆ ಮಾತು. ಹಾಗಂತ ನಮಗೇನು ಪರಂಪರೆ ಇಲ್ವಾ? ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಅಲ್ಲಿಯೂ ಭಾಷಣ ಕೇಳುವ ಕಿವಿಗಳು ತಲೆಮಾರುಗಟ್ಟಲೆ ಬೆಳೆದಿವೆ. ನಡುವೆ ಈ ಶಾಲು ಎಲ್ಲಿಂದ ಬಂದು ಕೂತಿತೋ.

ಇಷ್ಟನ್ನೂ ಗೆಳೆಯನಿಗೆ ಫೋನಿನಲ್ಲಿ ಒಪ್ಪಿಸಿದೆ. ಕೇಳಿ ಮುಗಿಸಿ ಒಂದೇ ಮಾತು ಕೇಳಿದ.

“ನಿನ್ನ ಪುಣೆ ಸಭಾಕ್ಕ ಯಾರ್ಯಾರು ಬಂದಿದ್ರಪಾ?”

ನೆನಪಿಸಿಕೊಂಡೆ. ಪಕ್ಕದ ಕುರ್ಚಿಯ ಆ ಗಡಿಯಾರದ ಅಜ್ಜ. ಅವರಂಥವೇ ಇನ್ನೂ ಅರವತ್ತು ಬಿಳಿ ತಲೆ. ಒಂದಷ್ಟು ವಿದ್ಯಾರ್ಥಿಗಳು. ಎಲ್ಲರೂ ವಿಷಯ ಮೊದಲೇ ಒಪ್ಪಿಕೊಂಡು ಬಂದವರು. ಮಹಾನಗರಪಾಲಿಕೆಯವರು ಒಬ್ಬರೂ ಕಾಣಲಿಲ್ಲ.

“ಅಲ್ಲೇ ನೋಡು. ನಮ್ಮ ಆ ಹನ್ನೊಂದು ಮಂದ್ಯಾಗ ಪಂಚಾಯ್ತಿಯವ್ರು ಮೂವರಿದ್ರು. ಶಾಲ್ ಇಲ್ಲಂದ್ರ ಅವ್ರು ಬರಂಗಿಲ್ಲ. ಹೊಚ್ಚಿದ ಮ್ಯಾಲೆ ಏಳಾಕ ಬರಂಗಿಲ್ಲ. ಹದಿನೆಂಟು ನಿಮಿಷ ಕುಂತು ಕೇಳ್ಯಾರ. ಅವರೊಳಗ ಒಬ್ಬಾವ ಮರುವಾರ ಫೋನ್ ಹಚ್ಚಿ, ಸರ್, ನೀವು ತೋರಿಸಿದ ಆ ನಾಲಾ ಎಲ್ಲಿ ಬರ್ತೈತ್ರಿ ಅಂದ. ಜೆಸಿಬಿ ತರಿಸಿ ಕಸ ತೆಗೆಸಿದ. ಈ ಸಲ ಕೆರಿಗೆ ಒಂದೀಟರ ನೀರು ಬಂದೈತಿ.”

ನನಗೆ ಉತ್ತರ ಹೊಳೆಯಲಿಲ್ಲ. ಒಪ್ಪಿಕೊಳ್ಳಲು ಮನಸ್ಸೂ ಇರಲಿಲ್ಲ. ಆದರೆ 2019ರ ಸೆಪ್ಟೆಂಬರ್ 25ರ ರಾತ್ರಿ ನೆನಪಾಯಿತು. ಆರು ಅಂದರೆ ಆರಕ್ಕೆ ಉಪನ್ಯಾಸ ಶುರು ಮಾಡುವ ಈ ಊರಿನಲ್ಲೇ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿತು. ಪುಣೆ ಸುತ್ತಮುತ್ತ ಆ ಮಳೆಗೆ 20ಕ್ಕೂ ಹೆಚ್ಚು ಜನ ಸತ್ತರು. ಹಳ್ಳದ ಅಗಲ ಕಟ್ಟಡಗಳ ನಡುವೆ ಎಷ್ಟು ಉಳಿದಿದೆ ಅಂತ ಇಲ್ಲಿ ಗೊತ್ತಿಲ್ಲದವರು ಯಾರು? ಇನ್ನು, ಪುಣೆಯ ಆ ಉಪನ್ಯಾಸ ಮುಗಿದ ಮೇಲೆ ಒಂದು ಕಪ್ ಚಹಾ ಕೂಡ ಇರಲಿಲ್ಲ. ಎಲ್ಲರೂ ಅವರವರ ಗಾಡಿ ಹತ್ತಿ ಹೋದರು. ಊರಿನಲ್ಲಿ ಉಪ್ಪಿಟ್ಟು, ಶಿರಾ ಇತ್ತು. ಗೆಳೆಯನಿಗೆ ಮುಖ್ಯವಾದ ಪ್ರಶ್ನೆಗಳನ್ನು ಹುಡುಗರು ಕೇಳಿದ್ದು ಸಭೆಯಲ್ಲಲ್ಲ, ಆ ತಟ್ಟೆ ಹಿಡಿದುಕೊಂಡು ನಿಂತಾಗ.

“ಆತು ಬಿಡು” ಅಂದ ಗೆಳೆಯ. “ಬರೋ ಜೂನ್ ಐದಕ್ಕ ನೀನ ಬಾ. ಪುಣೆದಾಗ ಕೇಳಿದ್ದು ನಮ್ಮ ಹುಡುಗರಿಗೆ ಕನ್ನಡದಾಗ ಹೇಳು.”

ಬರುತ್ತೇನೆ ಅಂದೆ. ಆದರೆ ಶಾಲು ಹೊದಿಸುವ ಹಾಗಿಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ.

“ಏ, ಶಾಲ್ ಬ್ಯಾಡಾ? ಚಿಂತಿಲ್ಲ” ಅಂದ. “ಪೇಟಾ ತರಿಸ್ತೀನಿ. ನಿನ್ನ ತಲಿ ಅಳತಿ ಎಷ್ಟು?”