ಅರ್ಧ ಅಂಕದ ದ್ವೀಪ

ಎಂಟನೇ ಕ್ಲಾಸಿನ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ದ್ವೀಪ ಎಂದರೇನು? ಒಂದು ಉದಾಹರಣೆ ಕೊಡಿ. ಪಕ್ಕದವಳು ಶ್ರೀಲಂಕಾ ಅಂತ ಬರೆದಳು. ಹಿಂದಿನ ಬೆಂಚಿನವನು ಅವಳದ್ದು ಇಣುಕಿ ನೋಡಿ ತಾನೂ ಶ್ರೀಲಂಕಾ ಅಂತಲೇ ಬರೆದ. ನಾನು ಮಾತ್ರ ಕೊಡಗಿನ ನಮ್ಮೂರು ಭಾಗಮಂಡಲ ಅಂತ ಬರೆದೆ. ಪೇಪರ್ ವಾಪಸ್ ಬಂದಾಗ ಉದಾಹರಣೆಗೆ ಅರ್ಧ ಅಂಕ ಸಿಕ್ಕಿತ್ತು, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಜುಲೈ ತಿಂಗಳಲ್ಲಿ ಮಾತ್ರ’ ಅಂತ ಷರಾ.

ನ್ಯಾಯವಾಗಿಯೇ ಕೊಟ್ಟಿದ್ದರು ಬಿಡಿ. ತಲಕಾವೇರಿಯಿಂದ ಇಳಿದು ಬರುವ ಕಾವೇರಿಗೆ ಭಾಗಮಂಡಲದಲ್ಲಿ ಕನ್ನಿಕೆ ಸೇರುತ್ತಾಳೆ, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತಾಳೆ ಅಂತ ನಂಬಿಕೆ. ಬೇಸಿಗೆಯಲ್ಲಿ ಪ್ಯಾಂಟ್ ಮಡಚಿ ದಾಟುವಷ್ಟು ನೀರಿನ ಸಂಗಮ ಅದು. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಾಲ್ಕು ದಿನ ಮಳೆ ಬಿಡದೆ ಹೊಡೆದರೆ ಮುಗೀತು, ನಾಪೋಕ್ಲು ರಸ್ತೆ ಕಾಣುವುದಿಲ್ಲ, ಆಮೇಲೆ ಮಡಿಕೇರಿ ರಸ್ತೆಯೂ ಇಲ್ಲ, ಗದ್ದೆ ಯಾವುದು ಹೊಳೆ ಯಾವುದು ಅಂತ ಹೇಳಲು ಅಲ್ಲಿಯೇ ಹುಟ್ಟಿದವರು ಬೇಕು. ಮಡಿಕೇರಿಯಿಂದ ಬಸ್ಸಿನಲ್ಲಿ ಬರುವ ಮೇಷ್ಟ್ರುಗಳು ಆ ದಡದಲ್ಲಿ, ನಾವೊಂದಿಪ್ಪತ್ತು ಮಕ್ಕಳು ಈ ದಡದಲ್ಲಿ. ರಜೆಯ ಸುದ್ದಿ ರೇಡಿಯೋದಲ್ಲಿ ಬರಬೇಕಿತ್ತು. ಎಷ್ಟೋ ಸಲ ಕರೆಂಟ್ ಹೋಗಿ, ಸೆಲ್ಲೂ ತೀರಿ, ಸುದ್ದಿಯೇ ಗೊತ್ತಾಗದೆ ಶಾಲೆಗೆ ಹೋಗಿಬಿಡುತ್ತಿದ್ದೆವು. ಗೊತ್ತಾದ ದಿನವೂ ಹೋಗುತ್ತಿದ್ದೆವು ಅನ್ನುವುದು ಬೇರೆ ಮಾತು. ಮನೆಯಲ್ಲಿದ್ದರೆ ಹಟ್ಟಿ ಗೊಬ್ಬರ ಎತ್ತುವ ಕೆಲಸ ಕಾದಿರುತ್ತಿತ್ತಲ್ವಾ!

ನಮ್ಮ ಜೊತೆ ಈ ದಡದಲ್ಲೇ ಸಿಕ್ಕಿಬೀಳುತ್ತಿದ್ದವರು ಗಣಿತದ ಸರ್. ಅರ್ಧ ಅಂಕ ಕೊಟ್ಟವರೂ ಅವರೇ, ಯಾಕೆಂದರೆ ಆ ವರ್ಷ ಸಮಾಜದ ಮೇಷ್ಟ್ರು ಇರಲಿಲ್ಲ. ಸರ್ ಗದಗದ ಕಡೆಯವರು. ಜೂನ್ ಮೊದಲ ವಾರ ಬಿಳಿ ಶರ್ಟು, ಚರ್ಮದ ಚಪ್ಪಲಿ ಹಾಕಿಕೊಂಡು ಬಂದು ಸೇರಿದ್ದರು. ಜೂನ್ ಕೊನೆಗೆ ಚಪ್ಪಲಿಗೆ ಬೂಸ್ಟು ಹಿಡಿದಿತ್ತು. ಊರಿಂದ ಅವರ ತಾಯಿ ಕಟ್ಟಿ ಕಳಿಸಿದ್ದ ಖಡಕ್ ಜೋಳದ ರೊಟ್ಟಿ, ಅಲ್ಲಿ ತಿಂಗಳುಗಟ್ಟಲೆ ಇರುವಂಥದ್ದು, ನಮ್ಮಲ್ಲಿ ಎರಡೇ ದಿನಕ್ಕೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಅವರು ಕಿಟಕಿಯಾಚೆ ನೋಡುತ್ತಾ ಕೇಳಿದ್ದು ಈಗಲೂ ಕಿವಿಯಲ್ಲಿದೆ: “ಏನೋ ತಮ್ಮಾ, ಇದು ನಿಂದರೂದು ಯಾವಾಗ?” ನಾವು ಒಟ್ಟಿಗೆ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದೆವು: “ಸೆಪ್ಟೆಂಬರಿಗೆ ನಿಲ್ತದೆ ಸಾರ್.”

ಆ ದಿನಗಳಲ್ಲಿ ಟೈಂಟೇಬಲ್ ಅಂತ ಏನೂ ಇರುತ್ತಿರಲಿಲ್ಲ. ಮೂರು ಕ್ಲಾಸಿನವರೂ ಒಂದೇ ಕೋಣೆಯಲ್ಲಿ. ಯೂನಿಫಾರ್ಮ್ ಒಣಗುವುದೇ ಒಲೆಯ ಮೇಲಿನ ಅಟ್ಟದಲ್ಲಾದ್ದರಿಂದ ಕೋಣೆ ತುಂಬ ಹೊಗೆ ವಾಸನೆ, ಮೂಗು ಚುರುಕಿದ್ದವರಿಗೆ ಯಾರ ಮನೆಯಲ್ಲಿ ಒಣಮೀನು ನೇತುಹಾಕಿದ್ದಾರೆ ಅಂತಲೂ ಗೊತ್ತಾಗುತ್ತಿತ್ತು. ಮಾತು ಅರೆಭಾಷೆಯಲ್ಲಿ ಶುರುವಾಗಿ ಕೊಡವ ತಕ್ಕ್‌ಗೆ ಹಾರಿ ಮಲಯಾಳದಲ್ಲಿ ಬೈಗುಳವಾಗಿ ಮುಗಿಯುತ್ತಿತ್ತು. ಸರ್ ಮುಂದೆ ಮಾತ್ರ ಪಠ್ಯಪುಸ್ತಕದ ಕನ್ನಡ.

ಮಳೆಯ ಇಂಚು ನಮ್ಮ ದೊಡ್ಡ ಜೂಜು. ಕೊಡಗಿನಲ್ಲಿ ಮಳೆಯನ್ನು ಈಗಲೂ ಇಂಚಿನಲ್ಲೇ ಅಳೆಯುತ್ತೇವೆ. ತೋಟದ ಮನೆಗಳ ಅಂಗಳದಲ್ಲಿ ಮಳೆಮಾಪಕ ಇರುತ್ತದೆ, ಬೆಳಿಗ್ಗೆ ಅಜ್ಜ ಕೊಡೆ ಹಿಡಿದು ಹೋಗಿ ಅಳೆದು ಡೈರಿಯಲ್ಲಿ ಬರೆದ ಮೇಲೆಯೇ ಕಾಫಿ. “ನಿಮ್ಮಲ್ಲಿ ಎಷ್ಟು ಬಂತು?” ಅಂದರೆ ಸಂಬಳ ಅಲ್ಲ, ಮಳೆ. ಹಿಂದಿನ ಸಂಜೆಯೇ ಎಲ್ಲರೂ ಒಂದೊಂದು ಅಂಕಿ ಹೇಳಬೇಕು, ಹತ್ತಿರ ಹೇಳಿದವರಿಗೆ ಕಡ್ಲೆಮಿಠಾಯಿ. ಸರ್‌ಗೆ ಇದು ತಿಳಿದು ಬೈಯುತ್ತಾರೆ ಅಂದುಕೊಂಡರೆ, ಗೆದ್ದ ಅಂಕಿಯನ್ನು 25.4ರಿಂದ ಗುಣಿಸಿ ಮಿಲಿಮೀಟರಿನಲ್ಲಿ ಹೇಳಿದರೆ ಮಾತ್ರ ಮಿಠಾಯಿ ಅಂತ ಕಾನೂನು ಮಾಡಿದರು. ದಶಮಾಂಶ ಗುಣಾಕಾರ ನಾನು ಕಲಿತದ್ದು ಮಿಠಾಯಿಯ ಆಸೆಗೆ. ಎರಡೂವರೆ ಇಂಚಿಗೆ ಅರವತ್ಮೂರೂವರೆ ಅಂತ ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಇನ್ನು ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕೊಡವ ಕುಟುಂಬಗಳ ತಂಡ ಸೇರಿಸಿ ಹಾಕಿ ಹಬ್ಬ ಶುರುಮಾಡಿದ್ದರಲ್ಲ, ಅದರ ಗುಂಗು ಶಾಲೆಗೂ ಹತ್ತಿತ್ತು. (2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬಕ್ಕೆ ಬಂದದ್ದು 360 ಕುಟುಂಬಗಳು!) ಮೈದಾನದಲ್ಲಿ ನೀರು ನಿಂತಿದ್ದರೆ ವರಾಂಡವೇ ಮೈದಾನ. ಬಗ್ಗಿದ ಪೇರಳೆ ಕೊಂಬೆಯೇ ಸ್ಟಿಕ್. ಹಳೇ ಬಟ್ಟೆ ಸುತ್ತಿದ ಚೆಂಡು ಹೊರಗೆ ಬಿದ್ದು ಒಂದು ಸಲ ನೀರು ಕುಡಿಯಿತೋ, ಆಮೇಲೆ ಅದು ಚೆಂಡಲ್ಲ, ಕಲ್ಲು. ನಮ್ಮದು ಗೌಡರ ಮನೆ, ನಮಗೇನು ಕೊಡವರ ಕಪ್ಪು ಅಂತ ನಾನು ಮೊದಲು ಬಿಗುಮಾನದಲ್ಲಿದ್ದೆ. ಗೋಲ್‌ಕೀಪರ್ ಇಲ್ಲ ಬಾ ಅಂತ ಕರೆದದ್ದೇ ತಡ, ಎಲ್ಲಾ ಮರೆತು ಹೋಗಿ ನಿಂತೆ. ಮೊಣಕಾಲಿನ ಗುರುತು ಇನ್ನೂ ಇದೆ.

ಸರ್ ನಿಜವಾಗಿ ಹೆದರಿದ್ದು ಆಟಿ 18ರ ಮರುದಿನ. ಕೊಡವರು ಅದನ್ನು ಕಕ್ಕಡ 18 ಅನ್ನುತ್ತಾರೆ, ಆಗಸ್ಟ್ 3ಕ್ಕೆ ಬರುತ್ತದೆ. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದಂತೆ. ಸೊಪ್ಪು ಕುದಿಸಿದರೆ ನೇರಳೆ ಬಣ್ಣದ ನೀರು, ಅದರಲ್ಲೇ ಪಾಯಸ. ಒಬ್ಬಂಟಿ ಮೇಷ್ಟ್ರು ಪಾಪ ಅಂತ ನಮ್ಮಮ್ಮ ಒಂದು ತೂಕ್ಕುಪಾತ್ರೆ ತುಂಬ ಕೊಟ್ಟು ಕಳಿಸಿದ್ದರು. ಅದನ್ನು ತಿಂದರೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ ಅಂತ ಹೇಳಬೇಕಾದವನು ನಾನು. ನಾಚಿಕೆಯಾಗಿ ಸುಮ್ನಿದ್ದೆ. ಬೆಳಿಗ್ಗೆ ಸರ್ ಮುಖ ಬಿಳಿಚಿಕೊಂಡಿತ್ತು. ಹಾಜರಿಯನ್ನೂ ಕರೆಯದೆ ಕುರ್ಚಿಯಲ್ಲಿ ಕೂತು, ದೋಣಿ ಎಷ್ಟು ಗಂಟೆಗೆ ಬಿಡುತ್ತದೆ, ಮಡಿಕೇರಿ ಆಸ್ಪತ್ರೆ ಬಸ್‌ಸ್ಟ್ಯಾಂಡಿಗೆ ಹತ್ತಿರವೋ ದೂರವೋ ಅಂತ ಮೆಲ್ಲಗೆ ವಿಚಾರಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕೊನೆಗೆ ಒಬ್ಬಳು ಹುಡುಗಿ, ನಮಗೆಲ್ಲರಿಗಿಂತ ಧೈರ್ಯದವಳು, ಎದ್ದು ನಿಂತು ಹೇಳಿದಳು: “ಸಾರ್, ನಮ್ಗೂ ಹಂಗೇ ಆಗಿದೆ.” ಸರ್ ಒಂದು ನಿಮಿಷ ನಮ್ಮನ್ನೇ ನೋಡಿದರು. ಆಮೇಲೆ ನಕ್ಕದ್ದು ನಕ್ಕದ್ದೇ.

ಈಗ ಮಳೆ ಅಂದರೆ ಹಾಗೆ ನಗಲು ಬರುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಬಿದ್ದದ್ದನ್ನು ನೋಡಿದ ಮೇಲೆ ರಾತ್ರಿ ಮಳೆ ಜೋರಾದರೆ ದೊಡ್ಡವರು ಎದ್ದು ಕೂರುತ್ತಾರೆ. ರಜೆಯ ಆದೇಶ ವಾಟ್ಸಾಪಿನಲ್ಲಿ ಬರುತ್ತದೆ, ಮಕ್ಕಳು ಮೊದಲು ನೋಡುವುದು ತಾರೀಕನ್ನು. ಹಳೇ ಆದೇಶವನ್ನೇ ಯಾರಾದರೂ ತೇಲಿಬಿಟ್ಟಿರಬಹುದಲ್ಲ. ಭಾಗಮಂಡಲಕ್ಕೆ ಮೇಲ್ಸೇತುವೆ ಬಂದಿದೆ. ಕೆಳಗೆ ರಸ್ತೆ ಮುಳುಗಿದ್ದರೂ ಮೇಲೆ ಬಸ್ಸು ಹೋಗುತ್ತದೆ, ಮೇಷ್ಟ್ರುಗಳೂ ಬರುತ್ತಾರೆ.

ಹೋದ ಮಳೆಗಾಲ ಊರಿಗೆ ಹೋಗಿದ್ದಾಗ ಇದನ್ನೆಲ್ಲಾ ಅಣ್ಣನ ಮಗಳಿಗೆ ಹೇಳಿದೆ. ಎಂಟನೇ ಕ್ಲಾಸು, ನಾಳೆ ಅವಳಿಗೆ ಕಿರುಪರೀಕ್ಷೆ. ಕಾವಲಿಯಿಂದ ಆಗಷ್ಟೇ ತೆಗೆದ ಅಕ್ಕಿರೊಟ್ಟಿ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡಳು. ಕಿಟಕಿಯಾಚೆ ಒಂದೇ ಸಮ ಸುರಿಯುತ್ತಿತ್ತು.

“ಚಿಕ್ಕಪ್ಪ, ಎಷ್ಟು ಇಂಚು ಬಂದ್ರೆ ಮೇಲ್ಸೇತುವೆ ಮೇಲೂ ನೀರು ಬರ್ತದೆ?”

ಒಳಗಿಂದ ಅತ್ತಿಗೆ ಬೈದರು. ಅವಳಿಗಲ್ಲ, ನನಗೆ.