ಹದಿನೇಳರ ಮಗ್ಗಿ ಹೇಳುವಷ್ಟು ನಿಧಾನ

ಮೊನ್ನೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುತ್ತಿದ್ದೆ. ಎದುರಿಗೆ ಬಂದ ಪರಿಚಯದವರೊಬ್ಬರು, "ಏನ್ ಮೇಡಂ, ದಿನಾ ವಾಕಿಂಗ್ ಬರ್ತೀರಾ?" ಅಂದರು. ನಾನು ಓಡುತ್ತಿದ್ದೇನೆ ಅನ್ನುವುದು ಅವರಿಗೆ ಗೊತ್ತೇ ಆಗಲಿಲ್ಲ. "ಹೌದು ಸಾರ್" ಅಂತ ಮುಂದೆ ಹೋದೆ.

ಎರಡು ವರ್ಷದ ಹಿಂದೆ ಆಗಿದ್ದರೆ, ಅವರ ಕಣ್ಣಿಗೆ ಮರೆಯಾಗುವ ತನಕ ಬಿದ್ದಂಬೀಳ ಓಡಿ ತೋರಿಸುತ್ತಿದ್ದೆ. ಹಾಗೆ ಓಡಿ ತೋರಿಸಲು ಹೋಗಿಯೇ ಕಾಲು ಕೆಡಿಸಿಕೊಂಡವಳು ನಾನು.

ಆಗ ನನಗೆ ನಲವತ್ತೊಂದು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಓಡಿದವಳಲ್ಲ. ಆಫೀಸಿನ ನಾಲ್ಕು ಜನ ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ ಹತ್ತು ಕಿ.ಮೀ. ಓಟಕ್ಕೆ ಹೆಸರು ಕೊಟ್ಟರು, ಅವರ ಜೊತೆ ನಾನೂ ಕೊಟ್ಟೆ. ತಕ್ಷಣ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ದಿನಾ ಬೆಳಗ್ಗೆ ಓಟ ಅಳೆಯುವ ಆ್ಯಪ್‌ನ ಸ್ಕ್ರೀನ್‌ಶಾಟ್. ಒಬ್ಬರದು ಕಿಲೋಮೀಟರಿಗೆ 6 ನಿಮಿಷ, ಇನ್ನೊಬ್ಬರದು ಆರೂಕಾಲು. ನನ್ನ ಒಂಬತ್ತು ನಿಮಿಷವನ್ನು ಅಲ್ಲಿ ಹಾಕಲು ನಾಚಿಕೆ. ಅದಕ್ಕೇ ಹಲ್ಲು ಕಚ್ಚಿ ಅರ್ಧ ಕಿ.ಮೀ. ಓಡುವುದು, ಸೊಂಟ ಹಿಡಿದು ನಿಂತು ಏದುಸಿರು ಬಿಡುವುದು, ಮತ್ತೆ ಓಡುವುದು. ನಿಂತಾಗ ಆ್ಯಪ್ ಅನ್ನೂ ನಿಲ್ಲಿಸುತ್ತಿದ್ದೆ. ಹೀಗೆ ಮಾಡುವವರು ತುಂಬಾ ಜನ ಇದ್ದಾರೆ, ಒಪ್ಪಿಕೊಳ್ಳಲ್ಲ ಅಷ್ಟೇ.

ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಬದಿಯಲ್ಲಿ ನೋವು ಶುರುವಾಯಿತು. ಬೆರಳು ತಾಗಿದರೆ ಜೀವ ಹೋಗುವಷ್ಟು. ಶಿನ್ ಸ್ಪ್ಲಿಂಟ್ ಅಂದರು ಫಿಸಿಯೋ. ಆರು ವಾರ ಓಟ ಬಂದ್. ಬೆಂಗಳೂರಿನ ಓಟದ ದಿನ ಮನೆಯಲ್ಲಿ ಕೂತು ಉಳಿದವರ ಮೆಡಲ್ ಫೋಟೋಗಳಿಗೆ ಲೈಕ್ ಒತ್ತುತ್ತಿದ್ದೆ.

ಫಿಸಿಯೋ ಕೇಳಿದ ಮೊದಲ ಪ್ರಶ್ನೆ ನೆನಪಿದೆ. "ಓಡುವಾಗ ಮಾತಾಡೋಕೆ ಆಗುತ್ತಾ ಮೇಡಂ?"

"ಒಬ್ಬಳೇ ಓಡ್ತೀನಿ, ಯಾರ ಹತ್ರ ಮಾತಾಡಲಿ?"

"ಮಗ್ಗಿ ಹೇಳಿ ಬೇಕಾದ್ರೆ."

ಅವರು ತಮಾಷೆಗೆ ಅಂದಿದ್ದಿರಬೇಕು. ನಾನು ಮೇಷ್ಟ್ರ ಮಗಳು, ಮಗ್ಗಿ ಅಂದರೆ ತಮಾಷೆ ಅಲ್ಲ. ಕಾಲು ವಾಸಿಯಾದ ಮೇಲೆ ನಿಜವಾಗಿಯೂ ಮಗ್ಗಿ ಹೇಳುತ್ತಾ ಓಡಲು ಶುರು ಮಾಡಿದೆ. ಎರಡರದು, ಐದರದು ನಾಲಿಗೆ ತುದಿಯಲ್ಲೇ ಇರುತ್ತದೆ, ತೇಕುತ್ತಲೂ ಹೇಳಬಹುದು. ಹದಿನೇಳರದು ಹಾಗಲ್ಲ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ತನಾಲ್ಕು, ಹದಿನೇಳ್ಮೂರ್ಲ ಐವತ್ತೊಂದು... ತಲೆಯೂ ಓಡಬೇಕು, ಉಸಿರೂ ಸಾಲಬೇಕು. ಎಂಟರ ಹೊತ್ತಿಗೆ ನೂರ ಮೂವತ್ತಾರು ಅನ್ನುವಾಗ ಮಧ್ಯೆ ಉಸಿರು ಕಡಿದರೆ ವೇಗ ಜಾಸ್ತಿಯಾಗಿದೆ ಅಂತಲೇ ಅರ್ಥ. ಎದೆಗೆ ಪಟ್ಟಿ ಕಟ್ಟಿ ಹೃದಯಬಡಿತ ಅಳೆಯುವ ಯಂತ್ರ ಬೇಕಿಲ್ಲ. ಆ ಮಗ್ಗಿ ಕಡಿಯದ ವೇಗ ಎಷ್ಟಿತ್ತು ಗೊತ್ತಾ? ಕಿಲೋಮೀಟರಿಗೆ ಹತ್ತೂವರೆ ನಿಮಿಷ! ಜೋರಾಗಿ ನಡೆಯುವವರು ನನ್ನನ್ನು ದಾಟಿ ಹೋಗುತ್ತಿದ್ದರು.

ಅದೂ ಒಂದೇ ಸಮ ಓಡಲು ಆಗುತ್ತಿರಲಿಲ್ಲ. 'ಕೌಚ್ ಟು 5ಕೆ' ಅಂತ ಒಂದು ಒಂಬತ್ತು ವಾರದ ಕ್ರಮ ಇದೆ. 1996ರಲ್ಲಿ ಜೋಶ್ ಕ್ಲಾರ್ಕ್ ಅನ್ನುವವರು, ಐವತ್ತು ದಾಟಿದ ತಮ್ಮ ತಾಯಿಯನ್ನು ಸೋಫಾದಿಂದ ಎಬ್ಬಿಸಲು ಮಾಡಿದ್ದು. ಮೊದಲ ವಾರ 60 ಸೆಕೆಂಡ್ ನಿಧಾನ ಓಟ, 90 ಸೆಕೆಂಡ್ ನಡಿಗೆ, ಹೀಗೇ 20 ನಿಮಿಷ, ವಾರಕ್ಕೆ ಮೂರು ದಿನ. ಒಂಬತ್ತು ವಾರದ ಕ್ರಮಕ್ಕೆ ನಾನು ಹದಿನಾರು ವಾರ ತಗೊಂಡೆ. ಯಾರೂ ದಂಡ ಹಾಕಲಿಲ್ಲ.

ಸ್ಟ್ಯಾಮಿನಾ ಅಂತೀವಲ್ಲ, ನಮ್ಮ ಅಜ್ಜಿ ಅದನ್ನು ದಮ್ಮು ಅನ್ನುತ್ತಿದ್ದರು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ದಮ್ಮು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಮೊದಲ ನೂರು ಮೆಟ್ಟಿಲು ಹಾರಿ ಹತ್ತಿದ ಹುಡುಗರು ನಂದಿ ಕಾಣುವ ಮೊದಲೇ ಕಲ್ಲಿನ ಮೇಲೆ ಕೂತಿರುತ್ತಾರೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಟ್ಟುಕೊಂಡು ಬರುವ ಹೆಂಗಸರು ಮೇಲಿನವರೆಗೂ ಹೋಗಿಬಿಡುತ್ತಾರೆ. ಸಾವಿರ ಸಲ ಬಗ್ಗಿ ಏಳುವುದು ಅಂದರೆ ಸುಮ್ನೆನಾ?

ನಿಧಾನ ಓಡುವುದು ಶಿಕ್ಷೆ ಅನ್ನುವ ಭಾವನೆ ನನಗೂ ಬಹಳ ದಿನ ಇತ್ತು. ಒಳಗೆ ಏನು ನಡೆಯುತ್ತದೆ ಅಂತ ತಿಳಿದ ಮೇಲೆ ಹೋಯಿತು. ಹೀಗೆ ತಿಂಗಳುಗಟ್ಟಲೆ ಓಡಿದರೆ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಜಾಸ್ತಿಯಾಗುತ್ತದೆ. ಕಾಲಿನ ಮಾಂಸಖಂಡಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಚಿಗುರುತ್ತವೆ. ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳು ಹೆಚ್ಚುತ್ತವೆ. ಐದು ಕಿ.ಮೀ. ಓಟಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ಕ್ಕೂ ಜಾಸ್ತಿ ಬರುವುದು ಈ ಒಲೆಗಳಿಂದಲೇ. ಒಲೆಯೇ ಇಲ್ಲದ ಅಡುಗೆಮನೆಯಲ್ಲಿ ನೂರು ಜನಕ್ಕೆ ಅಡುಗೆ ಮಾಡಲು ಹೊರಟಿದ್ದೆ ನಾನು.

ಇನ್ನು ಮೂಳೆಯ ಮಾತು. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಮೂಳೆಯೂ ಮಾಂಸವನ್ನು ಮೂಳೆಗೆ ಬಿಗಿದಿಡುವ ಟೆಂಡನ್ ಎಂಬ ಹುರಿಯೂ ಓಟಕ್ಕೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ನಾನು 64 ಕೆ.ಜಿ. ಇದ್ದೆ. ಅಂದರೆ ಹೆಚ್ಚುಕಮ್ಮಿ ಎರಡು ಮೂಟೆ ಭತ್ತ, ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಸಲ. ಹೊಸಬರಿಗೆ ಮೂರನೇ ವಾರವೇ ಕೆಟ್ಟದ್ದು ಅಂತ ನನಗನ್ನಿಸುವುದು ಇದಕ್ಕೇ. ಎದೆ 'ಇನ್ನೂ ಓಡು' ಅನ್ನುತ್ತದೆ, ಕಾಲಿನ ಮೂಳೆಯನ್ನು ಯಾರೂ ಕೇಳಿರುವುದಿಲ್ಲ.

ದಮ್ಮು ಕಟ್ಟುವುದು ಬರೀ ನನ್ನಂಥವರ ಸಮಾಧಾನಕ್ಕೆ ಹೇಳುವ ಮಾತು ಅಂತ ಯಾರಾದರೂ ಅಂದರೆ ನಾನು ಪೀಟರ್ ಸ್ನೆಲ್ ಹೆಸರು ಹೇಳುತ್ತೇನೆ. ನ್ಯೂಜಿಲೆಂಡಿನವರು, 800 ಮೀಟರ್ ಓಟಗಾರ. ಅಂದರೆ ಎರಡು ನಿಮಿಷವೂ ಹಿಡಿಯದ ಓಟ. ಅವರ ಕೋಚ್ ಆರ್ಥರ್ ಲಿಡಿಯಾರ್ಡ್, ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ. ವರ್ಷಗಟ್ಟಲೆ ತಮ್ಮ ಮೈಮೇಲೇ ಪ್ರಯೋಗ ಮಾಡಿ ಒಂದು ದಾರಿ ಕಂಡುಕೊಂಡವರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕಾಗಿ ಸ್ನೆಲ್‌ರನ್ನು ಆಕ್ಲೆಂಡ್ ಪಕ್ಕದ ವೈಟಾಕೆರೆ ಗುಡ್ಡಗಳಲ್ಲಿ ಭಾನುವಾರಗಳಂದು 35 ಕಿ.ಮೀ. ಓಡಿಸುತ್ತಿದ್ದರು. ಮೊದಲು ವಾರಕ್ಕೆ 160 ಕಿ.ಮೀ. ಲೆಕ್ಕದಲ್ಲಿ ದಮ್ಮು ಕಟ್ಟುವ ತಿಂಗಳುಗಳು, ಆಮೇಲೆ ಗುಡ್ಡ ಹತ್ತುವುದು, ಕೊನೆಗೆ ಮಾತ್ರ ಟ್ರ್ಯಾಕ್ ಮೇಲಿನ ವೇಗ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಗೆದ್ದರು. ಅದೇ ದಿನ ಲಿಡಿಯಾರ್ಡ್‌ರ ಇನ್ನೊಬ್ಬ ಶಿಷ್ಯ ಮರ್ರಿ ಹಾಲ್ಬರ್ಗ್ 5,000 ಮೀಟರ್ ಗೆದ್ದರು. 1964ರ ಟೋಕಿಯೊದಲ್ಲಿ ಸ್ನೆಲ್‌ಗೆ 800, 1,500 ಎರಡರಲ್ಲೂ ಚಿನ್ನ. ಅವರ 35 ಕಿ.ಮೀ. ನಮಗೆ ಬೇಡ ಮಾರಾಯ್ರೇ. ಯಾವುದು ಮೊದಲು ಯಾವುದು ಆಮೇಲೆ ಅನ್ನುವ ಕ್ರಮವನ್ನಷ್ಟೇ ತಗೊಳ್ಳಿ.

ನನ್ನ ಅಣ್ಣನ ಮಗ ಜಿಮ್‌ಗೆ ಹೋಗುವವನು. "ಅತ್ತೆ, ವಾರಕ್ಕೆ ಮೂರೇ ದಿನ ಟೈಮ್ ಇದ್ರೆ ನಿಧಾನ ಓಡೋದು ವೇಸ್ಟು. ಇಂಟರ್ವಲ್ ಮಾಡಿ, ಬೇಗ ಫಿಟ್ ಆಗ್ತೀರಾ" ಅನ್ನುತ್ತಾನೆ. ಇಂಟರ್ವಲ್ ಅಂದರೆ ಸ್ವಲ್ಪ ಹೊತ್ತು ರಭಸದಿಂದ ಓಡಿ, ಸುಧಾರಿಸಿಕೊಂಡು, ಮತ್ತೆ ರಭಸದಿಂದ ಓಡುವುದು. ಅವನು ಹೇಳುವುದು ಪೂರ್ತಿ ಸುಳ್ಳಲ್ಲ. ರಭಸದ ಓಟ ಎದೆಯನ್ನು ಬೇಗ ಪಳಗಿಸುತ್ತದೆ, ನಿಜ. ಆದರೆ ಅವನಿಗೆ ಇಪ್ಪತ್ತಮೂರು, ಕಾಲೇಜಿನಲ್ಲಿ ಕಬಡ್ಡಿ ಆಡಿದವನು, ಅವನ ಮೂಳೆಗಳು ಆಗಲೇ ಪೆಟ್ಟು ತಿಂದು ಗಟ್ಟಿಯಾಗಿವೆ. ಹದಿನೆಂಟು ವರ್ಷ ಕುರ್ಚಿಯಲ್ಲಿ ಕೂತ ಕಾಲಿಗೆ ಆ ಸಲಹೆ ಕೊಡಬಾರದು. ಸೈಕಲ್ ಮೇಲೆ ಬೇಕಾದರೆ ರಭಸ ತೋರಿಸಿ, ಅಲ್ಲಿ ಮೂಳೆಗೆ ಈ ಪೆಟ್ಟು ಬೀಳುವುದಿಲ್ಲ.

ಹಾಗಾದರೆ ವೇಗ ಯಾವಾಗ? ನನ್ನ ಲೆಕ್ಕ ಇಷ್ಟು. ನಲವತ್ತು ನಿಮಿಷ ನಿಲ್ಲದೆ, ಮಗ್ಗಿ ಕಡಿಯದೆ, ವಾರಕ್ಕೆ ಮೂರು ನಾಲ್ಕು ದಿನ ಓಡಲು ಆಗಬೇಕು. ಹಾಗೆ ಎರಡು ತಿಂಗಳು ನೋವಿಲ್ಲದೆ ಕಳೆಯಬೇಕು. ಆಮೇಲೆ ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನ ಚುರುಕು ಓಟ, ನಾಲ್ಕು ಸಲ. ಸದ್ಯಕ್ಕೆ ಅಷ್ಟೇ ಸಾಕು. ನಾನೂ ಈ ಜನವರಿಯಲ್ಲಷ್ಟೇ ಅದನ್ನು ಶುರು ಮಾಡಿದ್ದು. ಬೇಸಿಗೆಯಲ್ಲಿ ಬಿಟ್ಟುಬಿಟ್ಟೆ. ಏಪ್ರಿಲ್ ಸೆಕೆಯಲ್ಲಿ ಅದೇ ವೇಗಕ್ಕೆ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ, ಗಡಿಯಾರ ನೋಡಿಕೊಂಡು ಓಡಿದರೆ ಸುಮ್ನೆ ಬೇಜಾರು.

ಈಗ ಅದೇ ಹದಿನೇಳರ ಮಗ್ಗಿ ಹೇಳಿಕೊಂಡು ಕಿಲೋಮೀಟರಿಗೆ ಎಂಟೂವರೆ ನಿಮಿಷದಲ್ಲಿ ಓಡುತ್ತೇನೆ. ವೇಗಕ್ಕೆ ಅಂತ ಹೆಚ್ಚೇನೂ ಮಾಡದೆ ಎರಡು ನಿಮಿಷ ಇಳಿದಿದೆ. ಆ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಓಡುತ್ತಿರುವವರು ಇಬ್ಬರೇ, ಅದರಲ್ಲಿ ನಾನೊಬ್ಬಳು.

ಕಳೆದ ವಾರ ಹತ್ತೊಂಬತ್ತರ ಮಗ್ಗಿಗೆ ಏರೋಣ ಅಂತ ನೋಡಿದೆ. ಹತ್ತೊಂಬತ್ತೇಳ್ಲ ಅನ್ನುವಲ್ಲಿ ನಿಂತುಹೋಯಿತು. ಉಸಿರು ಚೆನ್ನಾಗಿಯೇ ಇತ್ತು. ಮಗ್ಗಿ ಮರೆತಿತ್ತು.